ಅಲರ್ಜಿ: ದೇಹದ ಕಾವಲುಗಾರನಿಗೆ ‘ಸಾಕು’ ಎನ್ನುವ ಪ್ರೋಟೀನ್‌ಗಳು

ನನ್ನ ತಂಗಿಯ ಮಗನಿಗೆ ಆಗ ಏಳು ವರ್ಷ. ಮಳೆಗಾಲ ಶುರುವಾಯಿತೆಂದರೆ ರಾತ್ರಿಯಿಡೀ ಕೆಮ್ಮು, ಉಸಿರು ಬಿಡುವಾಗ ಎದೆಯಿಂದ ಸಣ್ಣ ಸಿಳ್ಳೆಯಂಥ ಸದ್ದು. ಮಕ್ಕಳ ವೈದ್ಯರು ಎರಡು ಇನ್‌ಹೇಲರ್ ಬರೆದುಕೊಟ್ಟರು. ನೀಲಿ ಬಣ್ಣದ್ದು ದಮ್ಮು ಬಂದಾಗ ಮಾತ್ರ. ಇನ್ನೊಂದು ದಮ್ಮು ಇರಲಿ ಇಲ್ಲದಿರಲಿ, ದಿನಕ್ಕೆ ಎರಡು ಬಾರಿ. ಮೂರು ವಾರಗಳಲ್ಲಿ ಕೆಮ್ಮು ನಿಂತಿತು. ಮನೆಯವರು ಆ ಎರಡನೆಯದನ್ನು ಕಪಾಟಿನಲ್ಲಿ ಇಟ್ಟುಬಿಟ್ಟರು. “ಅದರಲ್ಲಿ ಸ್ಟಿರಾಯ್ಡ್ ಇದೆಯಂತೆ. ಮಗುವಿಗೆ ಅಭ್ಯಾಸವಾಗಿಬಿಟ್ಟರೆ ಜೀವಮಾನವಿಡೀ ಬೇಕಾದೀತು” ಎಂದು ಮನೆಯ ಹಿರಿಯರೊಬ್ಬರು ಹೇಳಿದ್ದರು. ನಾನೂ ಹೌದೆಂದು ತಲೆಯಾಡಿಸಿದ್ದೆ. ಒಂದೂವರೆ ತಿಂಗಳ ನಂತರ, ಒಂದು ನಡುರಾತ್ರಿ, ಹುಡುಗನಿಗೆ ಎರಡು ಶಬ್ದ ಜೋಡಿಸಿ ಮಾತಾಡಲೂ ಉಸಿರು ಸಾಲದಾಯಿತು. ತುಟಿ ನೀಲಿಗಟ್ಟತೊಡಗಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು.

ಚೆನ್ನಾಗಿದ್ದ ಮಗುವಿಗೆ ಹೀಗೇಕಾಯಿತು? ಆ ಎರಡನೆಯ ಇನ್‌ಹೇಲರ್ ಅವನ ಎದೆಯೊಳಗೆ ನಿಜಕ್ಕೂ ಏನು ಮಾಡುತ್ತಿತ್ತು? ಇದು ತಿಳಿದರೆ ಔಷಧವನ್ನು ಯಾವಾಗ ಮುಂದುವರಿಸಬೇಕು, ಏಕೆ ಮುಂದುವರಿಸಬೇಕು ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಅದಕ್ಕಾಗಿ ಅಲರ್ಜಿ ಎಂದರೇನು ಎಂಬಲ್ಲಿಂದ ಆರಂಭಿಸೋಣ.

ಶಕ್ತಿ ಕಡಿಮೆಯಲ್ಲ, ಕಡಿವಾಣ ಕಡಿಮೆ

ಅಲರ್ಜಿ ಇರುವ ಮಗುವನ್ನು ಕಂಡಾಗ ನಾವು ಸಾಮಾನ್ಯವಾಗಿ ಹೇಳುವ ಮಾತು, “ಇವನಿಗೆ ರೋಗನಿರೋಧಕ ಶಕ್ತಿ ಕಡಿಮೆ.” ಆಮೇಲೆ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಟಾನಿಕ್, ಲೇಹ್ಯಗಳ ಹುಡುಕಾಟ. ಆದರೆ ಸಂಗತಿ ಇದಕ್ಕೆ ಹೆಚ್ಚು ಕಡಿಮೆ ವಿರುದ್ಧವಾಗಿದೆ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದುರ್ಬಲವಾಗಿರುವುದಿಲ್ಲ. ಅದು ಬೇಡದ ಕಡೆ ಪೂರ್ತಿ ಬಲ ಪ್ರಯೋಗಿಸುತ್ತದೆ. ಮನೆಯ ಗೇಟಿನಲ್ಲಿ ನಿಂತ ಕಾವಲುಗಾರ ಕಳ್ಳನನ್ನು ಹಿಡಿಯುವ ಬದಲು ಪ್ರತಿದಿನ ಅಂಚೆಯವನನ್ನು ಹೊಡೆಯುತ್ತಾನೆ ಎಂದಿಟ್ಟುಕೊಳ್ಳಿ. ಅವನಿಗೆ ಇನ್ನಷ್ಟು ತಿನ್ನಿಸಿ ಗಟ್ಟಿಮಾಡಿದರೆ ಪ್ರಯೋಜನವುಂಟೇ? ‘ಬಿಡು, ಇವನು ನಮ್ಮವನೇ’ ಎಂದು ಹೇಳುವ ಒಬ್ಬರು ಅಲ್ಲಿ ಬೇಕು.

ಹೊಡೆಯುವ ಕೆಲಸ ನಡೆಯುವುದು ಹೀಗೆ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ, ಹೂವಿನ ಪರಾಗ, ಸೀಗಡಿ, ಮೊಟ್ಟೆ ಇವುಗಳಲ್ಲಿರುವ ಯಾವುದೋ ನಿರುಪದ್ರವಿ ಪ್ರೋಟೀನನ್ನು ದೇಹ ಶತ್ರುವೆಂದು ತಪ್ಪು ತಿಳಿಯುತ್ತದೆ. ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಐಜಿಇ ಚರ್ಮ, ಮೂಗು, ಶ್ವಾಸನಾಳ, ಕರುಳುಗಳ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಮುಂದಿನ ಸಲ ಅದೇ ವಸ್ತು ಒಳಬಂದಾಗ ಮಾಸ್ಟ್ ಕೋಶಗಳು ನಿಮಿಷಗಳೊಳಗೆ ತಮ್ಮಲ್ಲಿರುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಸೀನು, ತುರಿಕೆ, ದದ್ದು, ದಮ್ಮು ಎಲ್ಲವೂ ಅದರ ಫಲ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೆಲವು ಗಂಟೆಗಳ ನಂತರ ರಕ್ತದಿಂದ ಇನ್ನಷ್ಟು ಬಿಳಿ ರಕ್ತಕಣಗಳು ಆ ಜಾಗಕ್ಕೆ ಬಂದು ಸೇರುತ್ತವೆ. ಶ್ವಾಸನಾಳದ ಒಳಗೋಡೆ ಊದಿಕೊಳ್ಳುತ್ತದೆ, ಕಫ ಹೆಚ್ಚುತ್ತದೆ. ಇದನ್ನೇ ಉರಿಯೂತ ಎನ್ನುವುದು. ದಮ್ಮು ನಿಂತಂತೆ ಕಂಡರೂ ಒಳಗೆ ಈ ಉರಿಯೂತ ವಾರಗಟ್ಟಲೆ ಉಳಿಯಬಲ್ಲದು. ನಮ್ಮ ಹುಡುಗನ ವಿಷಯದಲ್ಲಿ ನಾವು ಎಡವಿದ್ದು ಇಲ್ಲೇ.

‘ಸಾಕು’ ಎನ್ನುವವರು

ಇನ್ನು ಸೃಷ್ಟಿಯ ಸೂಕ್ಷ್ಮವನ್ನು ಗಮನಿಸಿ. ನಾವೆಲ್ಲರೂ ದಿನವಿಡೀ ಧೂಳು, ಪರಾಗ, ಬೂಷ್ಟುಗಳನ್ನು ಉಸಿರಾಡುತ್ತೇವೆ, ನೂರಾರು ಬಗೆಯ ಅನ್ಯ ಪ್ರೋಟೀನ್‌ಗಳನ್ನು ತಿನ್ನುತ್ತೇವೆ. ಆದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ದೇಹ ಇವನ್ನು ಗಮನಿಸದೇ ಬಿಟ್ಟಿದೆ ಎಂದಲ್ಲ. ಗಮನಿಸಿ, ‘ಇದಕ್ಕೆ ಜಗಳ ಬೇಡ’ ಎಂದು ತೀರ್ಮಾನಿಸಿದೆ. ಆ ತೀರ್ಮಾನವನ್ನು ಜಾರಿಗೊಳಿಸುವ ವಿಶೇಷ ಬಿಳಿ ರಕ್ತಕಣಗಳಿಗೆ ನಿಯಂತ್ರಕ ಟಿ-ಕೋಶಗಳು ಎಂದು ಹೆಸರು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿ ತೋರಿಸಿದರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಈ ಕೋಶಗಳಿಗೆ ಅಗತ್ಯವಾದ ಫಾಕ್ಸ್‌ಪಿ3 ಎಂಬ ಜೀನನ್ನು ಕಂಡುಹಿಡಿದರು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಆ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಗಂಡುಮಕ್ಕಳು ಅತಿ ವಿರಳವಾಗಿ ಹುಟ್ಟುತ್ತಾರೆ. ಅವರಿಗೆ ಎಳವೆಯಲ್ಲೇ ತೀವ್ರ ಭೇದಿ, ಮಧುಮೇಹ, ಇಸುಬು, ಆಹಾರದ ಅಲರ್ಜಿ ಎಲ್ಲವೂ ಒಟ್ಟಿಗೆ ಬರುತ್ತವೆ, ರಕ್ತದಲ್ಲಿ ಐಜಿಇ ವಿಪರೀತ ಏರಿರುತ್ತದೆ. ಕಡಿವಾಣವಿಲ್ಲದ ಕಾವಲುಗಾರ ಏನು ಮಾಡಬಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣ ಉದಾಹರಣೆ ಬೇಡ.

ಈ ಕೋಶಗಳು ತಮ್ಮ ಮಾತನ್ನು ಹೇಳುವುದು ಪ್ರೋಟೀನ್‌ಗಳ ಮೂಲಕ. ಅವುಗಳಲ್ಲಿ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-10. 1989ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಇದು ಪತ್ತೆಯಾದಾಗ ಇದಕ್ಕಿಟ್ಟ ಹೆಸರೇ ‘ಇತರ ಪ್ರೋಟೀನ್‌ಗಳ ತಯಾರಿಕೆಯನ್ನು ತಡೆಯುವ ಅಂಶ’ ಎಂದು. ಇದು ಉರಿಯೂತ ಎಬ್ಬಿಸುವ ಟಿ-ಕೋಶಗಳನ್ನು ಸುಮ್ಮನಾಗಿಸುತ್ತದೆ. ಪ್ರತಿಕಾಯ ತಯಾರಿಸುವ ಬಿ-ಕೋಶಗಳನ್ನು ಐಜಿಇ ಬದಲು ಐಜಿಜಿ4 ಎಂಬ ಶಾಂತ ಸ್ವಭಾವದ ಪ್ರತಿಕಾಯದ ಕಡೆಗೆ ತಿರುಗಿಸುತ್ತದೆ. ಐಜಿಜಿ4 ಅಲರ್ಜಿಯ ವಸ್ತುವನ್ನು ದಾರಿಯಲ್ಲೇ ಹಿಡಿದುಕೊಳ್ಳುವುದರಿಂದ ಅದು ಮಾಸ್ಟ್ ಕೋಶದ ಮೇಲಿನ ಐಜಿಇಯನ್ನು ತಲುಪುವುದು ಕಡಿಮೆಯಾಗುತ್ತದೆ. ಇದರ ಜೊತೆಗಾರ ಟಿಜಿಎಫ್-ಬೀಟಾ. ಹೊಸ ನಿಯಂತ್ರಕ ಕೋಶಗಳು ರೂಪುಗೊಳ್ಳಲು ಇದು ಬೇಕು. ತಾಯಿಯ ಹಾಲಿನಲ್ಲೂ ಇದು ಇರುತ್ತದೆ.

ಜೇನು ಸಾಕುವವರಿಂದ ಕಲಿತ ಪಾಠ

ಇಂಟರ್‌ಲ್ಯೂಕಿನ್-10ರ ಕೆಲಸವನ್ನು ಮನುಷ್ಯರಲ್ಲೇ ಕಣ್ಣಾರೆ ತೋರಿಸಿದ್ದು ಸ್ವಿಟ್ಜರ್ಲೆಂಡಿನ ದಾವೋಸ್‌ನ ಸಂಶೋಧಕರು. ಇವರಲ್ಲಿ ತುರ್ಕಿ ಮೂಲದ ಜೆಜ್ಮಿ ಅಕ್ದಿಸ್ ಮತ್ತು ಮ್ಯೂಬೆಕ್ಕೆಲ್ ಅಕ್ದಿಸ್ ದಂಪತಿಯೂ ಇದ್ದರು. ಅವರು ಆರಿಸಿಕೊಂಡದ್ದು ಅಲರ್ಜಿ ಇಲ್ಲದ ಜೇನು ಸಾಕಣೆದಾರರನ್ನು. ಇವರಿಗೆ ಪ್ರತಿ ವರ್ಷ ಜೇನಿನ ಹಂಗಾಮಿನಲ್ಲಿ ನೊಣಗಳು ಮೇಲಿಂದ ಮೇಲೆ ಕುಟುಕುತ್ತವೆ, ಚಳಿಗಾಲದಲ್ಲಿ ಒಂದೂ ಕುಟುಕುವುದಿಲ್ಲ. ಹಂಗಾಮಿನ ಮೊದಲ ಕುಟುಕಿನಿಂದ ಕೆಲವೇ ದಿನಗಳಲ್ಲಿ ಅವರ ರಕ್ತದ ಟಿ-ಕೋಶಗಳು ಇಂಟರ್‌ಲ್ಯೂಕಿನ್-10 ಸುರಿಸುವ ಬಗೆಗೆ ಬದಲಾದವು. ಅದರೊಂದಿಗೇ ಚರ್ಮದ ಬಾವು ಇಳಿಯತೊಡಗಿತು. ಕುಟುಕು ಮುಂದುವರಿದಷ್ಟು ಕಾಲ ಈ ರಕ್ಷಣೆ ಇತ್ತು. ಹಂಗಾಮು ಮುಗಿದು ಎರಡು ಮೂರು ತಿಂಗಳಾಗುವಷ್ಟರಲ್ಲಿ ಕೋಶಗಳು ಮೊದಲಿನ ಸ್ಥಿತಿಗೆ ಮರಳಿದ್ದವು. ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು.

ಎರಡು ವಿಷಯಗಳನ್ನು ಇಲ್ಲಿ ಗಮನಿಸಬೇಕು. ಕಡಿವಾಣವನ್ನು ದೇಹಕ್ಕೆ ಕಲಿಸಬಹುದು. ಆದರೆ ಕಲಿತದ್ದು ಬೇಗ ಮರೆತೂ ಹೋಗಬಹುದು. (ಇದನ್ನು ಓದಿ ಜೇನುನೊಣದ ಅಲರ್ಜಿ ಇರುವವರು ಕುಟುಕಿಸಿಕೊಳ್ಳಲು ಹೊರಡಬಾರದು. ಅವರಿಗೆ ಒಂದೇ ಕುಟುಕು ಪ್ರಾಣಾಂತಿಕವಾಗಬಲ್ಲದು.)

ಹಾಗಾದರೆ ಮರೆಯದಂತೆ ಕಲಿಸುವುದು ಹೇಗೆ? ಆ ಪ್ರಯತ್ನಕ್ಕೆ ನೂರಕ್ಕೂ ಹೆಚ್ಚು ವರ್ಷಗಳಾಗಿವೆ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ರಸವನ್ನು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ, ಏರಿಸುತ್ತಾ, ಚುಚ್ಚುಮದ್ದಾಗಿ ಕೊಟ್ಟರು. ರೋಗಿಗಳ ಸಹನೆ ಹೆಚ್ಚಿತು. ಏಕೆಂದು ಅವರಿಗೆ ತಿಳಿದಿರಲಿಲ್ಲ. ಐಜಿಇ ಪತ್ತೆಯಾದದ್ದೇ 1960ರ ದಶಕದಲ್ಲಿ. ಇಂದು ನಮ್ಮ ದೊಡ್ಡ ಊರುಗಳ ಅಲರ್ಜಿ ತಜ್ಞರ ಬಳಿಯೂ ಸಿಗುವ ಈ ಇಮ್ಯುನೊಥೆರಪಿಯಲ್ಲಿ ಮೊದಲು ಏರುವುದು ಇಂಟರ್‌ಲ್ಯೂಕಿನ್-10, ನಂತರ ಐಜಿಜಿ4. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ನಡೆಸಿದರೆ ಅದರ ಫಲ ಚಿಕಿತ್ಸೆ ನಿಲ್ಲಿಸಿದ ಮೇಲೂ ವರ್ಷಗಳ ಕಾಲ ಉಳಿಯಬಲ್ಲದು. ಆದರೆ ಪ್ರತಿ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಅಲ್ಲೇ ಕೂರಬೇಕು, ತುರ್ತು ಚಿಕಿತ್ಸೆಯ ಸೌಕರ್ಯ ಇಲ್ಲದ ಕಡೆ ಇದನ್ನು ಮಾಡಿಸಿಕೊಳ್ಳಬಾರದು. ಯಾವ ವಸ್ತುವಿನ ಅಲರ್ಜಿ ಎಂಬುದು ಪರೀಕ್ಷೆಯಿಂದ ಖಚಿತವಾದವರಿಗೆ ಮಾತ್ರ ಇದು ಸಲ್ಲುತ್ತದೆ.

ಆಹಾರದ ವಿಷಯದಲ್ಲೂ ಇದೇ ಪಾಠ. ಹಿಂದೆ ‘ಅಲರ್ಜಿ ಬಂದೀತು, ಮಗುವಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ’ ಎಂದು ಪಾಶ್ಚಾತ್ಯ ವೈದ್ಯರೇ ಹೇಳುತ್ತಿದ್ದರು. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, ಅಂದರೆ ಅಪಾಯ ಹೆಚ್ಚಿದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಒಂದು ವರ್ಷ ತುಂಬುವ ಮೊದಲೇ ಕಡಲೆಕಾಯಿಯ ತಿನಿಸು ಕೊಡಲಾರಂಭಿಸಿದರು, ಉಳಿದವರಿಗೆ ಪೂರ್ತಿ ಬಿಡಿಸಿದರು. 2015ರಲ್ಲಿ ಫಲಿತಾಂಶ ಬಂತು. ಐದನೇ ವಯಸ್ಸಿನಲ್ಲಿ, ಬಿಟ್ಟವರಲ್ಲಿ 100ಕ್ಕೆ ಸುಮಾರು 17 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ. ತಿಂದವರಲ್ಲಿ ಸುಮಾರು 3 ಮಕ್ಕಳಿಗೆ ಮಾತ್ರ. ತಿಂದವರ ರಕ್ತದಲ್ಲಿ ಐಜಿಜಿ4 ಏರಿತ್ತು. ಆರು ತಿಂಗಳು ದಾಟಿದ ಆರೋಗ್ಯವಂತ ಮಗುವಿಗೆ ಮೊಟ್ಟೆ, ಮೀನು ಮೊದಲಾದವನ್ನು ‘ಮುಂದೆ ನೋಡೋಣ’ ಎಂದು ಕಾರಣವಿಲ್ಲದೆ ತಡಮಾಡುವುದರಿಂದ ಲಾಭವಿಲ್ಲ. ತೀವ್ರ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಇಡೀ ಕಡಲೆಬೀಜವನ್ನಂತೂ ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ, ಅದು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ಗಂಜಿಯಲ್ಲಿ ಬೆರೆಸಬಹುದು.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ವಿಶೇಷ ಸಲುಗೆ ಇರುವುದರಿಂದ ಒಂದು ಮಾತು. ಬೆಕ್ಕಿನೊಡನೆ ಬೆಳೆದ ಹಲವು ಮಕ್ಕಳಲ್ಲಿ ಬೆಕ್ಕಿನ ಪ್ರೋಟೀನಿಗೆ ಐಜಿಇ ಇಲ್ಲದೆ ಬರೀ ಐಜಿಜಿ4 ಇರುವುದು ಕಂಡುಬಂದಿದೆ. ಆದರೆ ಈಗಾಗಲೇ ಬೆಕ್ಕಿನಿಂದ ದಮ್ಮು ಬರುವ ಮಗುವಿಗೆ ‘ಅಭ್ಯಾಸವಾಗಲಿ’ ಎಂದು ಬೆಕ್ಕನ್ನು ಪಕ್ಕದಲ್ಲಿ ಮಲಗಿಸುವುದು ಚಿಕಿತ್ಸೆಯಲ್ಲ.

ಸ್ಟಿರಾಯ್ಡ್ ಎಂಬ ಭೂತ

ಈಗ ಕಪಾಟಿನಲ್ಲಿಟ್ಟ ಆ ಇನ್‌ಹೇಲರಿಗೆ ಬರೋಣ. ಸ್ಟಿರಾಯ್ಡ್ ಎಂಬ ಶಬ್ದ ಕೇಳಿದರೆ ಹೆದರುವ ನಾವು, ನಮ್ಮ ದೇಹವೇ ಅದನ್ನು ಪ್ರತಿದಿನ ತಯಾರಿಸುತ್ತದೆ ಎಂಬುದನ್ನು ಮರೆಯುತ್ತೇವೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟಿರಾಯ್ಡನ್ನು ಸುರಿಸುತ್ತವೆ. ಬೆಳಗಿನ ಹೊತ್ತು ಅದು ಅತಿ ಹೆಚ್ಚು, ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆ. ರಾತ್ರಿಯೇ ದಮ್ಮು ಜೋರಾಗಲು ಇದೂ ಒಂದು ಕಾರಣ.

ಈ ಸ್ಟಿರಾಯ್ಡ್ ತಾನೇ ಹೋಗಿ ಉರಿಯೂತವನ್ನು ಆರಿಸುವುದಿಲ್ಲ. ಕೋಶದ ಒಳಹೊಕ್ಕು, ಅದರ ಕೇಂದ್ರದಲ್ಲಿರುವ ಜೀನ್‌ಗಳಿಗೆ ಆಜ್ಞೆ ಕೊಡುತ್ತದೆ. ಉರಿಯೂತ ಎಬ್ಬಿಸುವ ಪ್ರೋಟೀನ್‌ಗಳನ್ನು ನಿಲ್ಲಿಸು, ಶಮನ ಮಾಡುವ ಪ್ರೋಟೀನ್‌ಗಳನ್ನು ತಯಾರಿಸು ಎಂದು. 1979ರಲ್ಲಿ ಬ್ರಿಟನ್ನಿನ ರಾಡ್ ಫ್ಲವರ್ ಮತ್ತು ಜೊತೆಗಾರರು, ಸ್ಟಿರಾಯ್ಡ್ ಕೊಟ್ಟಾಗ ಕೋಶಗಳು ಯಾವುದೋ ಹೊಸ ಪ್ರೋಟೀನನ್ನು ತಯಾರಿಸುತ್ತವೆ, ಉರಿಯೂತ ತಡೆಯುವುದು ಅದೇ ಎಂದು ತೋರಿಸಿದರು. ಹಲವು ಹೆಸರು ಬದಲಾಯಿಸಿ ಇಂದು ಅದನ್ನು ಅನೆಕ್ಸಿನ್ ಎ1 ಎನ್ನುತ್ತಾರೆ. ರಕ್ತದಲ್ಲಿರುವ ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಕ್ಕೆ ನುಸುಳುವುದನ್ನು ಇದು ತಡೆಯುತ್ತದೆ. ಬಂದು ಸೇರಿದವು ಬೇಗ ಸತ್ತು ತೆರವಾಗಲು ನೆರವಾಗುತ್ತದೆ. ಅಂದರೆ ಆ ಎರಡನೆಯ ಇನ್‌ಹೇಲರ್ ಮಗುವಿನ ಶ್ವಾಸನಾಳಕ್ಕೆ ಹೊರಗಿನ ಬೀಗ ಹಾಕುತ್ತಿರಲಿಲ್ಲ. ಅಲ್ಲಿನ ಕೋಶಗಳು ತಮ್ಮದೇ ಕಡಿವಾಣವನ್ನು ಹೆಣೆಯುವಂತೆ ಮಾಡುತ್ತಿತ್ತು.

ಜೀನ್ ಎಚ್ಚರಗೊಂಡು ಪ್ರೋಟೀನ್ ತಯಾರಾಗಲು ಸಮಯ ಬೇಕು. ಹಾಗಾಗಿ ಈ ಇನ್‌ಹೇಲರ್ ಹೀರಿದ ಕೂಡಲೇ ಏನೂ ಅನ್ನಿಸುವುದಿಲ್ಲ. ದಿನಗಳಲ್ಲಿ ಆರಂಭವಾಗಿ ವಾರಗಳಲ್ಲಿ ಪೂರ್ತಿ ಫಲ ಕಾಣುತ್ತದೆ. ನಿಲ್ಲಿಸಿದರೆ ಆಜ್ಞೆಯೂ ನಿಲ್ಲುತ್ತದೆ, ಕಡಿವಾಣ ಸಡಿಲವಾಗುತ್ತದೆ, ಬಿಳಿ ಕಣಗಳು ಮತ್ತೆ ಬಂದು ಸೇರುತ್ತವೆ. ದಮ್ಮು ಮರಳಿದ್ದು ಔಷಧ ‘ಅಭ್ಯಾಸವಾದ’ ಕಾರಣಕ್ಕಲ್ಲ, ರೋಗ ಇನ್ನೂ ಅಲ್ಲೇ ಇದ್ದ ಕಾರಣಕ್ಕೆ.

ನೀಲಿ ಇನ್‌ಹೇಲರಿನ ಸಾಲ್ಬುಟಮಾಲ್ ಇದಕ್ಕೆ ವಿರುದ್ಧ. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದೇ ಇಲ್ಲ. ಕೂಡಲೇ ಹಾಯೆನಿಸುವುದರಿಂದ ಜನ ಇದನ್ನೇ ನಂಬುತ್ತಾರೆ. 2019ರಿಂದ ಅಂತಾರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿಯು ದೊಡ್ಡವರಿಗೂ ಹದಿಹರೆಯದವರಿಗೂ ನೀಲಿಯೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡವೆಂದು ಹೇಳುತ್ತಿದೆ. ಸೆಟ್ರಿಜಿನ್‌ನಂಥ ಮಾತ್ರೆಗಳದ್ದೂ ಇದೇ ಮಿತಿ. ಅವು ಹಿಸ್ಟಮಿನ್ನನ್ನು ತಡೆದು ತುರಿಕೆ, ಸೀನು ನಿಲ್ಲಿಸುತ್ತವೆ, ಆಸ್ತಮಾದ ಉರಿಯೂತಕ್ಕೆ ಸಾಲುವುದಿಲ್ಲ.

ಹಾಗಾದರೆ ಸ್ಟಿರಾಯ್ಡಿನ ದುಷ್ಪರಿಣಾಮಗಳೆಲ್ಲ ಸುಳ್ಳೇ? ಅಲ್ಲ. ಆದರೆ ಪ್ರಮಾಣ ನೋಡಿ. ಬ್ಯುಡೆಸೊನೈಡ್ ಇನ್‌ಹೇಲರಿನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಔಷಧ. ಪ್ರೆಡ್ನಿಸೊಲೋನ್ ಮಾತ್ರೆಯೊಂದು 5 ಅಥವಾ 10 ಮಿಲಿಗ್ರಾಂ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಔಷಧಗಳ ಬಲದಲ್ಲಿ ವ್ಯತ್ಯಾಸವಿರುವುದರಿಂದ ಎರಡನ್ನೂ ನೇರವಾಗಿ ತೂಗಲಾಗದು ನಿಜ, ಆದರೆ ಮಾತ್ರೆ ಇಡೀ ದೇಹಕ್ಕೆ ಹೋಗುತ್ತದೆ, ಇನ್‌ಹೇಲರ್ ಬೇಕಾದ ಜಾಗಕ್ಕೆ. ಮೂಳೆ ಸವೆತ, ಮುಖ ಊದುವುದು, ಸಕ್ಕರೆ ಏರುವುದು ಮುಖ್ಯವಾಗಿ ದೀರ್ಘಕಾಲದ ಮಾತ್ರೆಯ ತೊಂದರೆಗಳು. ಇನ್‌ಹೇಲರಿನಿಂದ ಗಂಟಲು ಒಡೆಯಬಹುದು, ಬಾಯಲ್ಲಿ ಬಿಳಿ ಅಗ್ರ ಬರಬಹುದು. ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿದರೆ, ಸ್ಪೇಸರ್ ಬಳಸಿದರೆ ಇವು ಬಹಳ ಕಡಿಮೆ. ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿತ ಆಗಬಹುದೆಂದು ದೀರ್ಘಕಾಲದ ಅಧ್ಯಯನ ತೋರಿಸಿದೆ. ಇದನ್ನು ಮುಚ್ಚಿಡಬೇಕಿಲ್ಲ. ಉಸಿರು ಸಿಗದ ಮಗುವಿನ ಎದುರು ಆ ಒಂದು ಸೆಂಟಿಮೀಟರ್ ಎಷ್ಟೆಂದು ನೀವೇ ತೂಗಿ ನೋಡಿ. ವಿಪರ್ಯಾಸವೆಂದರೆ ಇನ್‌ಹೇಲರಿಗೆ ಹೆದರುವವರೇ ಲೇಬಲ್ಲಿಲ್ಲದ ‘ದಮ್ಮಿನ ಪುಡಿ’ಯನ್ನು ತಿಂಗಳುಗಟ್ಟಲೆ ತಿನ್ನಿಸುತ್ತಾರೆ. ಅಂಥ ಪುಡಿಗಳಲ್ಲಿ ಅಳತೆಯಿಲ್ಲದ ಸ್ಟಿರಾಯ್ಡನ್ನೇ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

‘ಆ ಇಂಟರ್‌ಲ್ಯೂಕಿನ್-10ನ್ನೇ ಸೂಜಿಮದ್ದಾಗಿ ಕೊಡಬಾರದೇ?’ ಎಂದು ನೀವು ಕೇಳಬಹುದು. ಕರುಳಿನ ಉರಿಯೂತದ ರೋಗಕ್ಕೆ ಕೊಟ್ಟು ನೋಡಿದ್ದಾರೆ, ನಿರೀಕ್ಷಿಸಿದ ಫಲ ಸಿಗಲಿಲ್ಲ. ಅದು ರಕ್ತದಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ಅದೂ ಅಲ್ಲದೆ ಕಡಿವಾಣ ಅತಿಯಾದರೂ ಕಷ್ಟವೇ. ಕಾಲಾ ಆಜಾರ್ ರೋಗಿಗಳಲ್ಲಿ ಈ ಪ್ರೋಟೀನ್ ತುಂಬ ಏರಿರುತ್ತದೆ, ರೋಗಾಣುವಿಗೆ ಅದೇ ಅನುಕೂಲವಾಗುತ್ತದೆ. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಎಂಬ ಅಳತೆಯನ್ನು ದೇಹದಷ್ಟು ಚೆನ್ನಾಗಿ ಯಾವ ಕಾರ್ಖಾನೆಯೂ ಇನ್ನೂ ಕಲಿತಿಲ್ಲ.

ಮನೆಯಲ್ಲಿ

ರಮಝಾನ್‌ನಲ್ಲಿ ಬಹಳ ಮಂದಿ ಇನ್‌ಹೇಲರನ್ನು ಇಡೀ ತಿಂಗಳು ಬಿಟ್ಟುಬಿಡುತ್ತಾರೆ. ದಿನಕ್ಕೆ ಎರಡು ಬಾರಿಯ ಔಷಧವನ್ನು ಸಹರಿಯ ಸಮಯಕ್ಕೂ ಇಫ್ತಾರಿನ ನಂತರಕ್ಕೂ ಹೊಂದಿಸಿಕೊಳ್ಳಲು ಸಾಧ್ಯವಿದೆ. ತಿಂಗಳು ಆರಂಭವಾಗುವ ಮೊದಲೇ ವೈದ್ಯರೊಂದಿಗೆ ಮಾತಾಡಿ. ಹಗಲಿನಲ್ಲಿ ಇನ್‌ಹೇಲರ್ ಬಳಸಿದರೆ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ, ನಿಮ್ಮ ವಿದ್ವಾಂಸರನ್ನು ಕೇಳಿ ತಿಳಿಯಿರಿ. ಆದರೆ ಉಸಿರು ಕಟ್ಟುತ್ತಿರುವಾಗ ನೀಲಿ ಇನ್‌ಹೇಲರನ್ನು ಮಗ್ರಿಬ್‌ವರೆಗೆ ತಡೆದಿಟ್ಟುಕೊಳ್ಳುವಂತಿಲ್ಲ. ರೋಗಿಗೆ ಉಪವಾಸದಿಂದ ರಿಯಾಯಿತಿ ಇರುವುದು ನಿಮಗೆ ಗೊತ್ತೇ ಇದೆ.

ಊದು, ಲೋಬಾನ, ಅಗರಬತ್ತಿಯ ಹೊಗೆ ಅಲರ್ಜಿಯ ವಸ್ತುವಲ್ಲದಿದ್ದರೂ ಊದಿಕೊಂಡ ಶ್ವಾಸನಾಳವನ್ನು ಕೆರಳಿಸುತ್ತದೆ. ದಮ್ಮಿನ ಮಗು ಮಲಗುವ ಕೋಣೆಯಲ್ಲಿ ಬೇಡ. ದಿಂಬಿನ ಗವುಸು, ಹಾಸುಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದರೆ ನುಸಿ ಕಡಿಮೆ.

ಆಹಾರ, ಔಷಧ ಅಥವಾ ಕುಟುಕಿನ ನಂತರ ಮೈತುಂಬ ದದ್ದಿನ ಜೊತೆ ತುಟಿ-ನಾಲಗೆ ಊದಿ, ಉಸಿರು ಕಟ್ಟಿ, ತಲೆ ಸುತ್ತಿ ಬೀಳುವಂತಾದರೆ ಅದು ಅನಾಫಿಲಾಕ್ಸಿಸ್. ಆಗ ದೇಹದ ಕಡಿವಾಣಕ್ಕೆ ಸಮಯವಿರುವುದಿಲ್ಲ, ಸ್ಟಿರಾಯ್ಡಿಗೂ ಇಲ್ಲ. ತೊಡೆಗೆ ಚುಚ್ಚುವ ಅಡ್ರಿನಲಿನ್ ಒಂದೇ ಜೀವ ಉಳಿಸುವ ಮದ್ದು. ರೋಗಿಯನ್ನು ಮಲಗಿಸಿ, ಉಸಿರಿಗೆ ಕಷ್ಟವಾದರೆ ಒರಗಿ ಕೂರಿಸಿ, 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕೂಡಲೇ ಒಯ್ಯಿರಿ.

ನಮ್ಮ ಹುಡುಗ ಆ ಮೂರು ದಿನಗಳ ನಂತರ ಇನ್‌ಹೇಲರನ್ನು ಬಿಡಲಿಲ್ಲ. ಮೂರು ತಿಂಗಳು ರಾತ್ರಿ ಕೆಮ್ಮಿಲ್ಲದೆ ಕಳೆದ ಮೇಲೆ ವೈದ್ಯರೇ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು, ಇನ್ನೊಂದು ಮಳೆಗಾಲ ಕಳೆದ ಮೇಲೆ ಮತ್ತೂ ಇಳಿಸಿದರು. ಈಗ ಅವನು ಕಾಲೇಜಿನಲ್ಲಿದ್ದಾನೆ. ಸಂಜೆ ಫುಟ್‌ಬಾಲ್ ಆಡಲು ಹೋಗುವಾಗ ನೀಲಿ ಇನ್‌ಹೇಲರ್ ಬ್ಯಾಗಿನಲ್ಲಿರುತ್ತದೆ. ಇನ್ನೊಂದು ಬ್ರಶ್ಶಿನ ಪಕ್ಕದಲ್ಲಿದೆ. ಬೆಳಿಗ್ಗೆ ಅದನ್ನು ಹೀರಿ, ಆಮೇಲೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಾನೆ. ಮರೆಯದಿರಲು ಅವನ ಉಮ್ಮ ಮಾಡಿದ ಏರ್ಪಾಡು ಅದು.